ಸ್ಥಳಸ್ಮರಣೆಯಲ್ಲಿ ಉದ್ಬೋಧಕವಿಚಾರ: ಕಾವ್ಯದಿಂದ ಚಲಚ್ಚಿತ್ರದವರೆಗೆ

೧

ಯಾವುದೊಂದು ಸ್ಥಳವನ್ನೂ ಮನುಷ್ಯನು ಒಂದೇ ಇಂದ್ರಿಯದಿಂದ ಅರಿಯುವುದಿಲ್ಲ. ಊರ ಮುಂದಣ ಹಳ್ಳವೊಂದನ್ನು ತೆಗೆದುಕೊಂಡರೆ, ಅದು ಕಣ್ಣಿಗೆ ಹರಿಯುವ ನೀರು, ಕಿವಿಗೆ ಮೊರೆತ, ಕಾಲಿಗೆ ತಂಪು, ಮೂಗಿಗೆ ಕೆಸರು ಪಾಚಿಗಳ ವಾಸನೆ. ಇವೆಲ್ಲವೂ ಕೂಡಿದಾಗಲೇ ಅದು ಆ ಹಳ್ಳ. ಆದರೆ ಸ್ಥಳವನ್ನು ನೆನಪಿಗೆ ತರಲು ಹೊರಟ ಕಲೆಗಳಿಗೆ ಈ ದಾರಿಗಳೆಲ್ಲವೂ ತೆರೆದಿರುವುದಿಲ್ಲ. ಶ್ರವ್ಯಕಾವ್ಯಕ್ಕೆ ಶಬ್ದವೊಂದೇ ಸಾಧನ, ಚಿತ್ರಕ್ಕೆ ರೂಪವೊಂದೇ, ನಾಟಕ ಚಲಚ್ಚಿತ್ರಗಳಿಗೆ ರೂಪಶಬ್ದಗಳೆರಡು. ಗಂಧ, ರಸ, ಸ್ಪರ್ಶಗಳು ಇವುಗಳ ಕೈಗೆ ನೇರವಾಗಿ ಸಿಕ್ಕುವವಲ್ಲ. ಹೀಗಿದ್ದರೂ ಒಂದು ಪದ್ಯವನ್ನು ಓದಿದಾಗ ಮಲ್ಲಿಗೆಯ ಕಂಪು ಬಂದಂತಾಗುವುದೂ, ಬೆಳ್ಳಿತೆರೆಯ ಮೇಲೆ ಮಳೆ ಸುರಿದಾಗ ಮೈ ನಡುಗಿದಂತಾಗುವುದೂ ಸಹೃದಯರಿಗೆ ಅನುಭವಸಿದ್ಧವಾದ ವಿಷಯ. ಇದು ಹೇಗೆ ಉಪಪನ್ನವಾಗುತ್ತದೆ? ಇಂದ್ರಿಯಗಳ ಸಂಖ್ಯೆ ಹೆಚ್ಚಿದಷ್ಟೂ ಸ್ಥಳಸ್ಮರಣೆಯು ಗಾಢವಾಗುವುದೆಂದು ಹೇಳಬಹುದೆ? ಅಥವಾ ಅದಕ್ಕೆ ಬೇರೆಯೇ ಕಾರಣವುಂಟೆ? ಈ ಪ್ರಶ್ನೆಯ ವಿವೇಚನೆಯೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಮೊದಲು ಶಾಸ್ತ್ರದ ನಿರ್ಣಯವನ್ನು ಸಂಗ್ರಹಿಸಿಕೊಳ್ಳುವುದು ಯುಕ್ತ. ಅನುಭವವು ನಶಿಸಿಹೋದರೂ ಅದರಿಂದ ಹುಟ್ಟಿದ ಸಂಸ್ಕಾರವು ಉಳಿಯುತ್ತದೆ. ಆ ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿಯೆಂದು ನೈಯಾಯಿಕರ ಮತ. ಸಂಸ್ಕಾರವು ಸದಾ ಇದ್ದರೂ ಸ್ಮೃತಿಯು ಸದಾ ಹುಟ್ಟುವುದಿಲ್ಲವೇಕೆಂದರೆ, ಅದನ್ನು ಎಚ್ಚರಿಸುವ ಉದ್ಬೋಧಕವೊಂದು ಬೇಕು. ಗೌತಮರು ನ್ಯಾಯಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಆಹ್ನಿಕದಲ್ಲಿ ಇಂತಹ ನಿಮಿತ್ತಗಳ ದೀರ್ಘವಾದ ಪಟ್ಟಿಯನ್ನೇ ಕೊಟ್ಟಿರುವರು. ಅಭ್ಯಾಸ, ಸಾದೃಶ್ಯ, ಸಂಬಂಧ, ಆನಂತರ್ಯ, ವಿಯೋಗ, ಸುಖ, ದುಃಖ, ಭಯ ಮೊದಲಾದುವು ಅದರಲ್ಲಿ ಸೇರಿವೆ. ವಿಯೋಗವನ್ನು ಸ್ಮೃತಿಯ ನಿಮಿತ್ತಗಳಲ್ಲಿ ಎಣಿಸಿರುವುದು ಮುಂದಿನ ವಿಚಾರಕ್ಕೆ ಬಹಳ ಉಪಯುಕ್ತವಾದುದು. ಪತಂಜಲಿಗಳೂ ಯೋಗಸೂತ್ರದ ಕೈವಲ್ಯಪಾದದಲ್ಲಿ, ಜಾತಿ, ದೇಶ, ಕಾಲಗಳು ನಡುವೆ ಬಂದರೂ ಸ್ಮೃತಿಸಂಸ್ಕಾರಗಳು ಏಕರೂಪವಾಗಿರುವುದರಿಂದ ವಾಸನೆಗಳ ಸಂತತಿಯು ಕಡಿಯುವುದಿಲ್ಲವೆಂದು ಹೇಳಿರುವರು.

ಇಲ್ಲಿ ಬಂದಿರುವ ವಾಸನೆಯೆಂಬ ಪದವು ಗಮನಾರ್ಹವಾದುದು. ಸಂಸ್ಕೃತಶಾಸ್ತ್ರಗಳಲ್ಲಿ ಅದಕ್ಕೆ ಸಂಸ್ಕಾರವೆಂದು ಅರ್ಥ; ಕನ್ನಡದಲ್ಲಿ ಮೂಗಿಗೆ ತಿಳಿಯುವ ಗಂಧವೆಂದು ಅರ್ಥ. ಈ ಎರಡರ್ಥಗಳು ಅಕಸ್ಮಾತ್ತಾಗಿ ಒಂದೆಡೆ ಬಂದು ಸೇರಿದುವಲ್ಲ. ಸುಗಂಧಗೊಳಿಸುವ ಅರ್ಥವುಳ್ಳ ವಾಸ್ ಧಾತುವನ್ನು ಹಿಡಿದು, ಹೂವುಗಳೊಡನೆ ಇಟ್ಟ ಎಳ್ಳು ಹೂವು ಹೋದ ಮೇಲೂ ಕಂಪನ್ನು ಉಳಿಸಿಕೊಳ್ಳುವಂತೆ ಚಿತ್ತವು ಅನುಭವದ ಶೇಷವನ್ನು ಉಳಿಸಿಕೊಳ್ಳುತ್ತದೆಂದು ಬೌದ್ಧಾಚಾರ್ಯರು ದೃಷ್ಟಾಂತವನ್ನು ಕೊಟ್ಟಿರುವರು. ನಿವಾಸಾರ್ಥಕವಾದ ವಸ್ ಧಾತುವನ್ನು ಹಿಡಿದರೆ, ಚಿತ್ತದಲ್ಲಿ ನೆಲೆಸಿರುವುದೇ ವಾಸನೆ. ಹೀಗೆ ವಾಸಸ್ಥಾನ, ಗಂಧ, ನೆನಪು ಎಂಬ ಮೂರೂ ಆ ಒಂದು ಪದದ ಸುತ್ತ ಕೂಡಿಬಂದಿವೆ.

ಇನ್ನು ಇಂದ್ರಿಯಗಳ ಪರಸ್ಪರಸಂಬಂಧದ ವಿಷಯ. ದೂರದಲ್ಲಿರುವ ಶ್ರೀಗಂಧದ ಕೊರಡನ್ನು ನೋಡಿದವನು ಅದನ್ನು ಮೂಸದೆಯೇ ಪರಿಮಳವುಳ್ಳ ಶ್ರೀಗಂಧವೆಂದು ತಿಳಿಯುತ್ತಾನೆ. ಪರಿಮಳವು ಕಣ್ಣಿಗೆ ವಿಷಯವಲ್ಲ. ಆದರೂ ಆ ಜ್ಞಾನವು ನೋಟದಲ್ಲಿಯೇ ಹುಟ್ಟುವುದು. ಹಿಂದೆ ಮೂಸಿದ ಪರಿಮಳದ ಸ್ಮರಣೆಯೇ ಇಲ್ಲಿ ಸನ್ನಿಕರ್ಷವಾಗಿ ನಿಲ್ಲುತ್ತದೆಂದು ನವ್ಯನೈಯಾಯಿಕರು ಹೇಳಿ, ಅದಕ್ಕೆ ಜ್ಞಾನಲಕ್ಷಣಪ್ರತ್ಯಾಸತ್ತಿಯೆಂದು ಹೆಸರಿಟ್ಟರು. ಅದ್ವೈತಿಗಳು ಇದನ್ನು ಒಪ್ಪಲಿಲ್ಲ. ಆ ಜ್ಞಾನವು ಶ್ರೀಗಂಧದ ಅಂಶದಲ್ಲಿ ಪ್ರತ್ಯಕ್ಷ, ಪರಿಮಳದ ಅಂಶದಲ್ಲಿ ಪರೋಕ್ಷವೆಂದು ವೇದಾಂತಪರಿಭಾಷಾಕಾರರ ನಿರ್ಣಯ. ಈ ಮತಭೇದವು ಹೇಗೇ ಇರಲಿ, ಒಂದಂಶದಲ್ಲಿ ಉಭಯರಿಗೂ ಸಮ್ಮತಿಯಿದೆ: ಶ್ರೀಗಂಧವನ್ನು ಎಂದೂ ಮೂಸದವನಿಗೆ ಈ ಜ್ಞಾನವು ಹುಟ್ಟುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಕಾವ್ಯಕ್ಕೆ ಬರಬಹುದು.

೩

ಕನ್ನಡದಲ್ಲಿ ಸ್ಥಳಸ್ಮರಣೆಯ ಪ್ರಸ್ತಾಪವು ಬಂದೊಡನೆ ವಿದ್ವಾಂಸರಿಗೆ ನೆನಪಾಗುವುದು ಪಂಪನ ಬನವಾಸಿಯ ವರ್ಣನೆ. ಕ್ರಿ.ಶ. ೯೪೧ರ ಸುಮಾರಿಗೆ ರಚಿತವಾದ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಯನ್ನು ಸೇರುವ ಸಂದರ್ಭದಲ್ಲಿ ಆ ಪದ್ಯಗಳು ಬಂದಿವೆ. ಕವಿಯು ಆಶ್ರಯ ಪಡೆದಿದ್ದುದು ವೇಮುಲವಾಡದ ಚಾಲುಕ್ಯ ಅರಿಕೇಸರಿಯಲ್ಲಿ. ಆ ಊರು ಬನವಾಸಿಯಿಂದ ಬಹುದೂರದಲ್ಲಿ, ಇಂದಿನ ತೆಲಂಗಾಣದಲ್ಲಿದೆ. ಗೌತಮರು ಹೇಳಿದ ವಿಯೋಗವೆಂಬ ನಿಮಿತ್ತವು ಇಲ್ಲಿ ಪೂರ್ಣವಾಗಿದೆ.

ಬನವಾಸಿಯನ್ನು ನೆನೆಯುವಂತೆ ಮಾಡುವ ನಿಮಿತ್ತಗಳನ್ನು ಕವಿಯು ಒಂದೊಂದಾಗಿ ಹೇಳುತ್ತಾನೆ. ದಕ್ಷಿಣದ ಗಾಳಿಯ ಸೋಂಕು ಸ್ಪರ್ಶಕ್ಕೆ ಸೇರಿದುದು. ಒಳ್ಳೆಯ ನುಡಿ, ಇಂಪಾದ ಗಾನಗಳು ಶಬ್ದಕ್ಕೆ ಸೇರಿದುವು. ಬಳಿಕ ಅರಳಿದ ಮಲ್ಲಿಗೆಯ ಪ್ರಸ್ತಾಪ. ಮಲ್ಲಿಗೆಯು ಪ್ರಧಾನವಾಗಿ ಗಂಧದ ವಸ್ತು. ಹೀಗಿರಲು ಅದನ್ನು ಮೂಸಿದ ಮಾತು ಬರಬೇಕೆಂದು ಓದುವವನು ನಿರೀಕ್ಷಿಸುತ್ತಾನೆ. ಆದರೆ ಕವಿಯು ಅದನ್ನು ಕಂಡ ಮಾತನ್ನೇ ಆಡಿರುವನು, ಕಂಪಿನ ಹೆಸರನ್ನು ಎತ್ತಿಲ್ಲ. ಇದು ಛಂದಸ್ಸಿನ ಅನುಕೂಲಕ್ಕಾಗಿ ಬಂದ ಮಾತೆಂದು ತಳ್ಳಿಹಾಕಬಹುದು. ಆದರೂ ಫಲವನ್ನು ನೋಡಿದರೆ ಇದು ಶ್ರೀಗಂಧದ ದೃಷ್ಟಾಂತವೇ ಆಗಿದೆ. ಮಲ್ಲಿಗೆಯ ಮೊಗ್ಗು ಸಂಜೆಯ ಹೊತ್ತಿಗೆ ಬಿರಿಯುವಾಗಲೇ ಕಂಪು ಹೊರಡುವುದು. ಬಿರಿದುದನ್ನು ಕಂಡನೆಂದ ಮಾತ್ರಕ್ಕೆ ಕಂಪು ತಾನಾಗಿ ಬಂದು ಸೇರುತ್ತದೆ, ಅದರೊಡನೆ ಸಂಜೆಯ ಹೊತ್ತೂ ಬರುತ್ತದೆ. ಕಂಪೆಂದು ಬಾಯಿಬಿಟ್ಟು ಹೇಳಿದ್ದರೆ ಅದು ಕವಿಯು ಕೊಟ್ಟ ಕಂಪಾಗುತ್ತಿತ್ತು. ಹೇಳದೆ ಬಿಟ್ಟುದರಿಂದ ಓದುಗನು ತನ್ನ ಸಂಸ್ಕಾರದಿಂದ ತಂದ ಕಂಪಾಯಿತು.

ಆ ಪದ್ಯದಲ್ಲಿ ಅಂಕುಶದ ಮಾತೂ ಇದೆ. ಯಾರು ತಿವಿದು ತಡೆದರೂ ಮನಸ್ಸು ನಿಲ್ಲದೆ ಆ ನಾಡಿನ ಕಡೆಗೇ ಹೋಗುತ್ತದೆಂಬ ಭಾವ. ಉದ್ಬೋಧಕವು ಒದಗಿದ ಮೇಲೆ ಸ್ಮೃತಿಯು ಪುರುಷನ ಇಚ್ಛೆಯನ್ನು ಕಾಯುವುದಿಲ್ಲವೆಂಬ ಶಾಸ್ತ್ರದ ಮಾತು ಮದಗಜದ ರೂಪಕದಲ್ಲಿ ಇಲ್ಲಿ ಬಂದಿದೆ.

೪

ಚಿತ್ರವನ್ನು ನೋಡಿ ಸ್ಥಳವನ್ನು ನೆನೆಯುವ ಪ್ರಸಂಗಕ್ಕೆ ಭವಭೂತಿಯ ಉತ್ತರರಾಮಚರಿತಕ್ಕಿಂತ ಉತ್ತಮವಾದ ಉದಾಹರಣೆಯು ದೊರೆಯುವುದು ಕಷ್ಟ. ಅದರ ಮೊದಲನೆಯ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮ ಪೂರ್ವಚರಿತೆಯನ್ನು ಬಿಡಿಸಿದ ಚಿತ್ರಮಾಲೆಯನ್ನು ಕ್ರಮವಾಗಿ ನೋಡುತ್ತ ಹೋಗುತ್ತಾರೆ. ದೃಶ್ಯದಿಂದ ದೃಶ್ಯಕ್ಕೆ ಸಾಗುವ ಆ ಕ್ರಮವು ಚಲಚ್ಚಿತ್ರವನ್ನು ನೆನಪಿಗೆ ತರುವಂತಿದೆ. ಶೂರ್ಪಣಖಿಯ ಚಿತ್ರವನ್ನು ಕಂಡು ಸೀತೆಯು ಬೆದರುತ್ತಾಳೆ. ಇದು ಚಿತ್ರವಷ್ಟೆ ಎಂದು ರಾಮನು ಆಕೆಯನ್ನು ಸಂತೈಸಬೇಕಾಗುತ್ತದೆ. ಆದರೆ ಜನಸ್ಥಾನದ ಚಿತ್ರವು ಬಂದಾಗ ಕಣ್ಣೀರಿಡುವವನು ರಾಮನೇ. ಪ್ರಸ್ರವಣಗಿರಿಯ ಚಿತ್ರವನ್ನು ನೋಡಿ ಅವನು ನೆನೆಯುವುದು ಬೆಟ್ಟದ ಆಕಾರವನ್ನಲ್ಲ. ಮೆಲ್ಲನೆ ಮಾತಾಡುತ್ತ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಳೆದ ರಾತ್ರಿಗಳನ್ನು. ಕಣ್ಣಿಗೆ ಬಿದ್ದುದು ರೂಪ, ಒಳಗೆ ಎದ್ದುದು ಸ್ಪರ್ಶಶಬ್ದಗಳ ಸ್ಮೃತಿ.

ಚಿತ್ರದರ್ಶನದ ಫಲವೂ ಗಮನಾರ್ಹವಾಗಿದೆ. ಆ ವನಗಳನ್ನು ಮತ್ತೆ ಕಾಣಬೇಕು, ಭಾಗೀರಥಿಯಲ್ಲಿ ಮೀಯಬೇಕು ಎಂಬ ಬಯಕೆಯು ಗರ್ಭಿಣಿಯಾದ ಸೀತೆಗೆ ಹುಟ್ಟುತ್ತದೆ. ಚಿತ್ರವು ಸ್ಥಳಕ್ಕೆ ಬದಲಾಗಿ ನಿಲ್ಲಲಿಲ್ಲ, ಸ್ಥಳದ ಕಡೆಗೆ ಕರೆಯಿತು. ಆ ಬಯಕೆಯೇ ಪರಿತ್ಯಾಗಕ್ಕೆ ನೆಪವಾದುದು ನಾಟಕದ ಕರುಣೆಯ ಮೂಲ. ಮೂರನೆಯ ಅಂಕದಲ್ಲಿ ರಾಮನು ಚಿತ್ರವನ್ನಲ್ಲದೆ ಪಂಚವಟಿಯನ್ನೇ ಸೇರುತ್ತಾನೆ. ಸೀತೆಯು ಸಾಕಿದ ಆನೆ, ನವಿಲು, ಕದಂಬಗಳು ಅಲ್ಲಿವೆ. ಮೂರ್ಛೆ ಹೋದ ಅವನನ್ನು, ಕಣ್ಣಿಗೆ ಕಾಣದ ಸೀತೆಯ ಕೈಸೋಂಕು ಎಚ್ಚರಿಸುತ್ತದೆ. ಮೊದಲನೆಯ ಅಂಕದಲ್ಲಿ ಸ್ಪರ್ಶವಿಲ್ಲದ ರೂಪ, ಮೂರನೆಯದರಲ್ಲಿ ರೂಪವಿಲ್ಲದ ಸ್ಪರ್ಶ. ಈ ಎರಡರ ನಡುವಣ ಅಂತರವನ್ನು ಕವಿಯು ಚೆನ್ನಾಗಿ ಬಲ್ಲವನಾಗಿದ್ದನು.

೫

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನು ೧೯೧೩ರಲ್ಲಿ ಪ್ರಕಟಿಸಿದ ತನ್ನ ಮಹಾಕೃತಿಯ ಮೊದಲನೆಯ ಸಂಪುಟದಲ್ಲಿ ಒಂದು ಪ್ರಸಂಗವನ್ನು ವರ್ಣಿಸಿದ್ದಾನೆ. ಚಹದಲ್ಲಿ ನೆನೆದ ಮಾದಲೇನ್ ಎಂಬ ಸಣ್ಣ ಭಕ್ಷ್ಯದ ರುಚಿಯು ನಾಲಿಗೆಗೆ ಸೋಕಿದೊಡನೆ, ಬಾಲ್ಯದ ಕೊಂಬ್ರೇ ಎಂಬ ಊರು ತನ್ನ ಬೀದಿ, ಮನೆ, ತೋಟಗಳೊಡನೆ ಕಥಾನಾಯಕನ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ. ಆ ಭಕ್ಷ್ಯವನ್ನು ಕಣ್ಣಿನಿಂದ ನೋಡಿದಾಗ ಏನೂ ನೆನಪಾಗಲಿಲ್ಲವೆಂದೂ ಅವನು ಹೇಳುತ್ತಾನೆ. ಹೀಗಿರುವಲ್ಲಿ ರಸಗಂಧಗಳಿಗೇ ಸ್ಥಳವನ್ನು ಎಚ್ಚರಿಸುವ ಶಕ್ತಿಯಿದೆ, ಕಣ್ಣಿಗಿಲ್ಲ. ಆದುದರಿಂದ ರೂಪಶಬ್ದಮಾತ್ರವುಳ್ಳ ಚಲಚ್ಚಿತ್ರವು ಸ್ಥಳಸ್ಮರಣೆಗೆ ಅಸಮರ್ಥವೆಂದು ಯಾರಾದರೂ ಹೇಳಬಹುದು.

ಇದಕ್ಕೆ ಸಮಾಧಾನವು ಅದೇ ಗ್ರಂಥದಲ್ಲಿದೆ. ನೋಟವು ಏಕೆ ವಿಫಲವಾಯಿತೆಂಬುದಕ್ಕೆ ಗ್ರಂಥಕಾರನು ಒಂದು ಕಾರಣವನ್ನು ಊಹಿಸುತ್ತಾನೆ. ಆ ಭಕ್ಷ್ಯವನ್ನು ಅಂಗಡಿಗಳಲ್ಲಿ ಮತ್ತೆ ಮತ್ತೆ ನೋಡುತ್ತ ಬಂದುದರಿಂದ ಅದರ ರೂಪವು ಕೊಂಬ್ರೇಯ ದಿನಗಳಿಂದ ಬಿಡಿಸಿಕೊಂಡು ಬೇರೆ ದಿನಗಳೊಡನೆ ಅಂಟಿಕೊಂಡಿತು. ತಿನ್ನದೆ ಉಳಿದುದರಿಂದ ರುಚಿಯು ಮಾತ್ರ ಹಾಗೆಯೇ ಇತ್ತು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ರೂಪದ ಸಂಬಂಧವು ವ್ಯಭಿಚರಿತವಾಯಿತು, ರುಚಿಯ ಸಂಬಂಧವು ಅವ್ಯಭಿಚರಿತವಾಗಿ ಉಳಿಯಿತು. ಆದುದರಿಂದ ಉದ್ಬೋಧಕದ ಬಲವು ಅದು ಯಾವ ಇಂದ್ರಿಯಕ್ಕೆ ಸೇರಿದುದೆಂಬುದರಿಂದ ನಿರ್ಣೀತವಾಗುವುದಿಲ್ಲ. ಆ ಒಂದು ಸ್ಥಳದೊಡನೆ ಮಾತ್ರ ಅದಕ್ಕಿರುವ ಸಂಬಂಧವು ಎಷ್ಟು ಸವೆಯದೆ ಉಳಿದಿದೆ ಎಂಬುದರಿಂದ ನಿರ್ಣೀತವಾಗುತ್ತದೆ. ರುಚಿವಾಸನೆಗಳು ರೂಪದಷ್ಟು ಬಳಕೆಯಾಗದಿರುವುದರಿಂದ ಹೆಚ್ಚಾಗಿ ಸವೆಯದೆ ಇರುತ್ತವೆ. ಅವುಗಳ ಪ್ರಾಬಲ್ಯವು ಇಷ್ಟರಿಂದಲೇ ಬಂದುದು. ಸವೆಯದ ರೂಪಕ್ಕೂ ಸವೆಯದ ಶಬ್ದಕ್ಕೂ ಅದೇ ಬಲವಿರುವುದಕ್ಕೆ ಅಡ್ಡಿಯಿಲ್ಲ.

೬

ಈ ನಿರ್ಣಯವನ್ನು ಚಲಚ್ಚಿತ್ರದ ಇತಿಹಾಸದಲ್ಲಿ ಪರೀಕ್ಷಿಸಬಹುದು. ಚಿತ್ರಕ್ಕೆ ಗಂಧವನ್ನು ನೇರವಾಗಿ ಸೇರಿಸುವ ಪ್ರಯತ್ನವು ಅಮೆರಿಕದಲ್ಲಿ ನಡೆದುದುಂಟು. ೧೯೫೯ರ ಕೊನೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಚೀನಾ ದೇಶವನ್ನು ಕುರಿತ ‘ಬಿಹೈಂಡ್ ದಿ ಗ್ರೇಟ್ ವಾಲ್’ ಎಂಬ ಚಿತ್ರದೊಡನೆ, ಗಾಳಿಯಾಡಿಸುವ ಯಂತ್ರದ ಮೂಲಕ ವಾಸನೆಗಳನ್ನು ಬಿಟ್ಟರು. ೧೯೬೦ರ ಆರಂಭದಲ್ಲಿ ‘ಸೆಂಟ್ ಆಫ್ ಮಿಸ್ಟರಿ’ ಎಂಬ ಚಿತ್ರಕ್ಕಾಗಿ ಹಾನ್ಸ್ ಲಾಬ್ ಎಂಬವನು ರೂಪಿಸಿದ ಸಾಧನದಲ್ಲಿ, ಪ್ರೇಕ್ಷಕರ ಆಸನಗಳವರೆಗೆ ಕೊಳವೆಗಳನ್ನು ಹಾಯಿಸಿ ಸುಮಾರು ಮೂವತ್ತು ವಾಸನೆಗಳನ್ನು ಕಳುಹಿಸುವ ಏರ್ಪಾಡಿತ್ತು. ಎರಡೂ ನಿಲ್ಲಲಿಲ್ಲ. ಯಂತ್ರದ ಬುಸುಗುಟ್ಟುವಿಕೆ ಕೇಳುತ್ತಿತ್ತು; ಕೆಲವು ಆಸನಗಳಿಗೆ ವಾಸನೆಯು ತಡವಾಗಿ ತಲುಪುತ್ತಿತ್ತು; ಬಂದ ವಾಸನೆಯು ಬೇಗ ಹೋಗದೆ ಮುಂದಿನದರೊಡನೆ ಬೆರೆಯುತ್ತಿತ್ತು.

ಯಂತ್ರದೋಷವನ್ನು ಬದಿಗಿಟ್ಟರೂ ತತ್ತ್ವದೋಷವೊಂದು ಉಳಿಯುತ್ತದೆ. ಎರಡನೆಯ ಚಿತ್ರದಲ್ಲಿ ಚುಟ್ಟದ ಕೊಳವೆಯ ಹೊಗೆಸೊಪ್ಪಿನ ವಾಸನೆಯು ಕೊಲೆಗಾರನ ಗುರುತಾಗಿತ್ತು. ಎಂದರೆ ಅದು ಅನುಮಾನಕ್ಕೆ ಲಿಂಗವಾಯಿತೇ ಹೊರತು ಸ್ಮೃತಿಗೆ ಉದ್ಬೋಧಕವಾಗಲಿಲ್ಲ. ಇದಲ್ಲದೆ, ನಾಸಿಕಕ್ಕೆ ಈಗ ತಗಲಿದ ಗಂಧವು ಈಗಿನ ಪ್ರತ್ಯಕ್ಷ. ಅದು ನೋಡುವವನನ್ನು ತಾನು ಕುಳಿತ ಶಾಲೆಗೇ ಕಟ್ಟಿಹಾಕುತ್ತದೆ. ಪ್ರೂಸ್ತನ ಮಾದಲೇನ್ ಆ ಒಬ್ಬನ ಬಾಲ್ಯದೊಡನೆ ಬೆಸೆದುದು. ಕೊಳವೆಯಿಂದ ಬಂದ ವಾಸನೆ ಯಾರ ಬಾಲ್ಯಕ್ಕೂ ಸೇರಿದುದಲ್ಲ.

ಇದಕ್ಕೆ ಪ್ರತಿಯಾಗಿ ರೂಪಶಬ್ದಗಳಲ್ಲಿಯೇ ನಿಂತು ಕೃತಾರ್ಥರಾದವರಿರುವರು. ವಿಭೂತಿಭೂಷಣ ವಂದ್ಯೋಪಾಧ್ಯಾಯರ ಕಾದಂಬರಿಯಿಂದ ಸತ್ಯಜಿತ್ ರಾಯರು ೧೯೫೫ರಲ್ಲಿ ನಿರ್ಮಿಸಿದ ‘ಪಥೇರ್ ಪಾಂಚಾಲಿ’ಯಲ್ಲಿ ದುರ್ಗಾ ಮತ್ತು ಅಪು ಎಂಬ ಮಕ್ಕಳು ಬಿಳಿಯ ಕಾಶಪುಷ್ಪಗಳ ಬಯಲನ್ನು ಹಾದು ರೈಲನ್ನು ನೋಡಹೋಗುತ್ತಾರೆ. ದಾರಿಯಲ್ಲಿ ತಂತಿಕಂಬಕ್ಕೆ ಕಿವಿಯಿಟ್ಟು ಅದರ ಗುಂಯ್‌ಗುಟ್ಟುವಿಕೆಯನ್ನು ಆಲಿಸುತ್ತಾರೆ. ತಂತಿಕಂಬವು ಎಲ್ಲೆಡೆಯೂ ಇರುವ ವಸ್ತು. ಆದರೆ ಕೆನ್ನೆಯನ್ನು ಕಂಬಕ್ಕೆ ಒತ್ತಿ ಕೇಳಿದ ಸದ್ದು ಬಾಲ್ಯದಲ್ಲಿ ಮಾತ್ರ ಸಿಕ್ಕುವುದು, ಬಳಿಕ ಸವೆಯಲು ಅವಕಾಶವೇ ಇಲ್ಲದುದು. ಮುಂದೆ ಮಳೆಯಲ್ಲಿ ನೆನೆದು ದುರ್ಗೆಯು ಜ್ವರದಿಂದ ಸಾಯುತ್ತಾಳೆ. ಆ ಮಳೆಯ ಚಳಿಯನ್ನು ತೆರೆಯು ಕೊಡಲಾರದು. ನಡುಗುವ ಮಕ್ಕಳನ್ನು ತೋರಿಸಿ ನೋಡುವವನ ಮೈಯಿಂದಲೇ ಅದನ್ನು ತೆಗೆಯುತ್ತದೆ.

ರಷ್ಯಾದ ಆಂದ್ರೇ ತಾರ್ಕೋವ್‌ಸ್ಕಿಯು ೧೯೭೫ರಲ್ಲಿ ಹೊರಬಂದ ‘ಕನ್ನಡಿ’ ಎಂಬ ಚಿತ್ರಕ್ಕಾಗಿ ಮಾಡಿದ ಸಿದ್ಧತೆಯನ್ನು ತಾನೇ ಬರೆದಿಟ್ಟಿರುವನು. ತನ್ನ ಬಾಲ್ಯದ ಮನೆಯನ್ನು ಹಳೆಯ ಛಾಯಾಚಿತ್ರಗಳ ಸಹಾಯದಿಂದ, ಹಿಂದೆ ಇದ್ದ ಜಾಗದಲ್ಲಿಯೇ ಮತ್ತೆ ಕಟ್ಟಿಸಿದನು. ಮನೆಯ ಮುಂದಣ ಹೊಲದಲ್ಲಿ ಅವನ ಬಾಲ್ಯದಲ್ಲಿ ಬಿಳಿಯ ಹೂ ಬಿಡುವ ಬಕ್‌ವೀಟ್ ಎಂಬ ಧಾನ್ಯವನ್ನು ಬೆಳೆಯುತ್ತಿದ್ದರು. ಈಗ ಬೇರೆ ಬೆಳೆಯಿತ್ತು. ಈ ನೆಲದಲ್ಲಿ ಅದು ಬೆಳೆಯದೆಂದು ಅಲ್ಲಿನ ರೈತರು ಹೇಳಿದರೂ ಕೇಳದೆ, ಹೊಲವನ್ನು ಗೇಣಿಗೆ ಹಿಡಿದು ಬಿತ್ತಿಸಿದನು, ಹೊಲವೆಲ್ಲ ಹೂವಾಯಿತು. ಯಾವುದೋ ಒಂದು ಹೊಲವನ್ನು ತೋರಿಸಿದ್ದರೆ ಕಥೆಗೆ ಊನವೇನೂ ಬರುತ್ತಿರಲಿಲ್ಲ. ಆದರೆ ಅದು ಹೊಲವೆಂಬ ಸಾಮಾನ್ಯವಾಗುತ್ತಿತ್ತು, ಆ ಹೊಲವೆಂಬ ವಿಶೇಷವಾಗುತ್ತಿರಲಿಲ್ಲ. ವಿಶೇಷವನ್ನು ಬಿಟ್ಟರೆ ಉದ್ಬೋಧಕವು ಬಲಗುಂದುತ್ತದೆ.

೭

ಕೊನೆಯದಾಗಿ ಕಠಿನತರವಾದ ಪ್ರಶ್ನೆಯೊಂದು ಉಳಿದಿದೆ. ಪಂಪನ ಬನವಾಸಿಯು ಇಂದಿಗೂ ಇದೆ. ಭವಭೂತಿಯ ರಾಮನಿಗೆ ಮರಳಿ ಹೋಗಲು ಪಂಚವಟಿಯು ಉಳಿದಿತ್ತು. ಸ್ಥಳವೇ ಇಲ್ಲವಾದಾಗ ಏನು ಗತಿ? ಶರಾವತಿಗೆ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಾಗ ಮಲೆನಾಡಿನ ಅನೇಕ ಹಳ್ಳಿಗಳು ನೀರಿನಡಿಯಾದುವು. ೧೯೪೮ರಲ್ಲಿ ಮುಗಿದಿದ್ದ ಹಿರೇಭಾಸ್ಕರದ ಅಣೆಕಟ್ಟು ಸಹ ಆ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕಡಮೆಯಾದ ವರ್ಷಗಳಲ್ಲಿ ನೀರು ಇಳಿದಾಗ ಅದು ಹೊರಗೆ ಕಾಣಿಸಿಕೊಳ್ಳುವುದುಂಟು. ಆಗ ಕಣ್ಣಿಗೆ ಕಲ್ಲುಕಟ್ಟಡವು ಕಾಣುವುದು; ಅಂಗಳ, ಕೊಟ್ಟಿಗೆ, ಒಲೆಯ ಹೊಗೆ, ತೋಟದ ತಂಪುಗಳು ಬರುವುದಿಲ್ಲ.

ಈ ಮುಳುಗಡೆಯ ಬದುಕನ್ನು ಸಾಗರದ ನಾ. ಡಿಸೋಜರು ತಮ್ಮ ಕಾದಂಬರಿಗಳ ವಸ್ತುವನ್ನಾಗಿ ಮಾಡಿಕೊಂಡರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ೨೦೦೨ರಲ್ಲಿ ಚಲಚ್ಚಿತ್ರವಾಗಿ ತಂದರು. ಹಿನ್ನೀರು ಸುತ್ತುವರಿಯುತ್ತಿರುವ ಸೀತಾಪರ್ವತವೆಂಬ ಗುಡ್ಡದಲ್ಲಿ ಗಣಪ, ಅವನ ಹೆಂಡತಿ ನಾಗಿ, ತಂದೆ ದುಗ್ಗಜ್ಜ ಇವರ ಸಂಸಾರವು ಮನೆಯನ್ನು ಬಿಡಲಾರದೆ ನಿಲ್ಲುತ್ತದೆ. ಬಿಡದೆ ಸುರಿಯುವ ಮಳೆ, ದಿನದಿನಕ್ಕೆ ಏರುವ ನೀರು, ಒದ್ದೆಯಾದ ಮನೆ ಇವೇ ಚಿತ್ರದ ಮುಖ್ಯ ಸಾಮಗ್ರಿ. ಮಲೆನಾಡಿನ ಮಳೆಗಾಲವನ್ನು ಕಂಡವನಿಗೆ ಹಸಿಗೋಡೆಯ ಮುಗ್ಗಲೂ, ಆರದ ಬಟ್ಟೆಯ ಕಮಟೂ ಹೇಳದೆಯೇ ಬರುತ್ತವೆ. ಇದು ಪಂಪನ ಮಲ್ಲಿಗೆಯ ಮಾರ್ಗವೇ ಸರಿ.

ಕಾಣದವನಿಗೆ? ಇಲ್ಲಿಯೇ ಅಭಿನವಗುಪ್ತರ ವಚನವು ಉಪಕಾರಕವಾಗುವುದು. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನಿಗೆ ಕಾರಣ ತಿಳಿಯದ ತಳಮಳವುಂಟಾಗುತ್ತದೆ. ಅವನು ಹೇಳುವ ನಿಮಿತ್ತಗಳು ಚೆಲುವಾದುದನ್ನು ನೋಡುವುದು, ಇಂಪಾದುದನ್ನು ಕೇಳುವುದು ಎಂಬ ಎರಡೇ, ಚಲಚ್ಚಿತ್ರಕ್ಕಿರುವುವೂ ಇವೆರಡೇ. ಆ ಪದ್ಯವನ್ನು ಎತ್ತಿಕೊಂಡು ಅಭಿನವಗುಪ್ತರು, ಇಲ್ಲಿ ಹೇಳಿದ ಸ್ಮೃತಿಯು ತಾರ್ಕಿಕರ ಸ್ಮೃತಿಯಲ್ಲ, ಏಕೆಂದರೆ ಆ ವಿಷಯವು ಹಿಂದೆ ಅನುಭೂತವಾದುದಲ್ಲ. ಇದು ಪ್ರತಿಭಾನವೆಂಬ ಸಾಕ್ಷಾತ್ಕಾರಸ್ವರೂಪವಾದುದೆಂದು ಅಭಿನವಭಾರತಿಯಲ್ಲಿ ನಿರೂಪಿಸಿರುವರು. ಮುಳುಗಿದ ಊರನ್ನು ನೋಡದ ಹೊಸ ತಲೆಮಾರಿಗೆ ಕಲೆಯು ಕೊಡಬಹುದಾದುದು ಇದೇ. ಊರಿನ ಸ್ಮೃತಿಯು ಅವರಿಗೆ ಬರಲಾರದು. ಊರನ್ನು ಕಳೆದುಕೊಂಡವರ ಮನಸ್ಸಿನ ಸಾಕ್ಷಾತ್ಕಾರವು ಬರಬಲ್ಲದು.

ಆದರೆ ಈ ಪ್ರತಿಭಾನವೂ ನಿರಾಧಾರವಾದುದಲ್ಲ. ರಸಾನುಭವಕ್ಕೆ ವಾಸನೆಯು ಬೇಕೆಂದು ಅದೇ ಆಚಾರ್ಯರ ಸಿದ್ಧಾಂತ. ರತಿಶೋಕಾದಿಗಳ ವಾಸನೆಯು ಸರ್ವರಿಗೂ ಹುಟ್ಟಿನಿಂದ ಬಂದುದು. ಹಸಿಮಣ್ಣಿನ, ಹೊಗೆಯ, ಮಲ್ಲಿಗೆಯ ವಾಸನೆಯಾದರೋ ಬದುಕಿನಲ್ಲಿ ಗಳಿಸಬೇಕಾದುದು. ಅದನ್ನು ಗಳಿಸದವನ ಮುಂದೆ ಪಂಪನ ಪದ್ಯವೂ ಚಲಚ್ಚಿತ್ರದ ಮಳೆಯೂ ಬರಿಯ ಶಬ್ದರೂಪಗಳಾಗಿ ನಿಲ್ಲುತ್ತವೆ. ಶ್ರೀಗಂಧವನ್ನು ಮೂಸದವನಿಗೆ ಅದು ಮರದ ತುಂಡು.

ಆದುದರಿಂದ ಸಾಹಿತ್ಯವನ್ನು ಬೋಧಿಸುವವರ ಮೇಲೆ ಒಂದು ಹೊಣೆಯು ಬೀಳುತ್ತದೆ. ಪದ್ಯದ ಅನ್ವಯ, ಅಲಂಕಾರ, ಛಂದಸ್ಸುಗಳನ್ನು ತಿಳಿಸಿದ ಮಾತ್ರಕ್ಕೆ ಬನವಾಸಿಯ ಪದ್ಯವು ತಿಳಿದಂತಾಗುವುದಿಲ್ಲ. ಸಂಜೆಗೆ ಬಿರಿಯುವ ಮಲ್ಲಿಗೆಯನ್ನು ವಿದ್ಯಾರ್ಥಿಯು ಒಮ್ಮೆಯಾದರೂ ಕಂಡಿರಬೇಕು. ಇದರಂತೆಯೇ ಶಬ್ದಕೋಶದ ಕೆಲಸವೂ ಇದೆ. ಕಂಪು, ಗಮಲು, ಘಾಟು, ಕಮಟು, ಮುಗ್ಗಲು, ಸೊಗಡು ಎಂಬಿವು ಒಂದೊಂದೂ ಬೇರೆ ಬೇರೆ ವಾಸನೆಯ ಹೆಸರು. ಇವುಗಳಲ್ಲಿ ಸೊಗಡೆಂಬುದು ಅವರೆಕಾಯಿಯ ಗಾಢವಾದ ವಾಸನೆಗೆ ಸಲ್ಲುತ್ತಿದ್ದು, ಒಂದು ನಾಡಿನ ಅಥವಾ ನುಡಿಯ ವೈಶಿಷ್ಟ್ಯವೆಂಬ ಅರ್ಥದಲ್ಲಿಯೂ ರೂಢವಾಗಿದೆ. ಸಂಸ್ಕೃತದ ವಾಸನೆಯಲ್ಲಿ ನಡೆದ ಅರ್ಥವಿಸ್ತಾರವೇ ಕನ್ನಡದ ಈ ಪದದಲ್ಲಿಯೂ ನಡೆದಿದೆ. ಇಂತಹ ಪದಗಳನ್ನು, ಅವು ಯಾವ ಊರಿನಲ್ಲಿ ಯಾವ ವಸ್ತುವಿಗೆ ಸಲ್ಲುತ್ತವೆಯೆಂಬ ವಿವರದೊಡನೆ, ಬಲ್ಲ ವೃದ್ಧರಿರುವಾಗಲೇ ಸಂಗ್ರಹಿಸಿಡುವುದು ಅವಶ್ಯಕವಾದ ಕಾರ್ಯ. ಮುಳುಗಡೆಯ ಊರುಗಳಿಂದ ಎದ್ದು ಬಂದವರಲ್ಲಿ ಅಂತಹವರು ವರ್ಷವರ್ಷಕ್ಕೆ ವಿರಳವಾಗುತ್ತಿರುವರಾದುದರಿಂದ, ಈ ಕಾರ್ಯವು ಮೊದಲು ಅವರಲ್ಲಿಯೇ ಆರಂಭವಾಗುವುದು ಯುಕ್ತವಾಗಿದೆ.